ತಕ್ಕಡಿಯಲ್ಲಿ ಗೆಲುವು, ಕಣದಲ್ಲಿ ಸೋಲು: ಬಾಕ್ಸಿಂಗ್ ಪಟುಗಳ ತೂಕ ಇಳಿಕೆಯ ಒಳಹೊರಗು

2024ರ ಆಗಸ್ಟ್ 1ರಂದು ಪ್ಯಾರಿಸ್ ಒಲಿಂಪಿಕ್ಸ್‌ನ ಮಹಿಳೆಯರ 50 ಕಿಲೋ ವಿಭಾಗದ ಬಾಕ್ಸಿಂಗ್ ಸ್ಪರ್ಧೆಯಲ್ಲಿ ತೆಲಂಗಾಣದ ನಿಖತ್ ಜರೀನ್ ಅವರು ಚೀನಾದ ವೂ ಯು ಅವರೆದುರು 5-0 ಅಂತರದಿಂದ ಪರಾಭವಗೊಂಡರು. 2022 ಮತ್ತು 2023ರಲ್ಲಿ ವಿಶ್ವ ಚಾಂಪಿಯನ್ ಆಗಿದ್ದ ನಿಖತ್ ಅವರ ಮೇಲೆ ದೇಶ ಪದಕದ ಭರವಸೆ ಇಟ್ಟಿತ್ತು. ಪಂದ್ಯ ಮುಗಿದ ಮೇಲೆ ಅವರು ಕಣ್ಣೀರಿನ ನಡುವೆ ಹೇಳಿದ ಮಾತು ಕ್ರೀಡಾಭಿಮಾನಿಗಳನ್ನು ಚಿಂತನೆಗೆ ಹಚ್ಚಿತು. ತೂಕವನ್ನು ಮಿತಿಯೊಳಗೆ ಉಳಿಸಿಕೊಳ್ಳುವ ಸಲುವಾಗಿ ತಾವು ಎರಡು ದಿನಗಳಿಂದ ಆಹಾರ ಸೇವಿಸಿರಲಿಲ್ಲ, ನೀರನ್ನೂ ಕುಡಿದಿರಲಿಲ್ಲ, ತೂಕ ಪರೀಕ್ಷೆಯ ನಂತರವಷ್ಟೇ ನೀರು ಕುಡಿದು ಕಣಕ್ಕಿಳಿದಾಗ ಚೇತರಿಸಿಕೊಳ್ಳಲು ಸಮಯವೇ ಇರಲಿಲ್ಲ ಎಂಬುದು ಅವರ ಮಾತಿನ ಸಾರ.

ವೂ ಯು ಆ ವಿಭಾಗದ ಅಗ್ರ ಶ್ರೇಯಾಂಕದ ಆಟಗಾರ್ತಿ. ಮುಂದೆ ಚಿನ್ನದ ಪದಕವನ್ನೂ ಅವರೇ ಗೆದ್ದರು. ಆದುದರಿಂದ ಸೋಲಿಗೆ ಉಪವಾಸವೊಂದೇ ಕಾರಣವೆಂದು ತೀರ್ಪು ಕೊಡುವುದು ನ್ಯಾಯವಲ್ಲ. ಆದರೆ ಅಂಥ ಬಲಿಷ್ಠ ಎದುರಾಳಿಯನ್ನು ಎದುರಿಸಬೇಕಾದ ದಿನವೇ ದೇಹ ಬರಿದಾಗಿತ್ತು ಎಂಬುದು ವಿಚಾರ ಮಾಡಬೇಕಾದ ಸಂಗತಿ. ಇದಾದ ಆರೇ ದಿನಗಳಲ್ಲಿ, ಆಗಸ್ಟ್ 7ರಂದು, ಕುಸ್ತಿಪಟು ವಿನೇಶ್ ಫೋಗಟ್ ಅಂತಿಮ ಪಂದ್ಯದ ಬೆಳಿಗ್ಗೆ ಕೇವಲ 100 ಗ್ರಾಂ ಹೆಚ್ಚು ತೂಗಿದ ಕಾರಣ ಅನರ್ಹಗೊಂಡರು. ಅಂದಿನಿಂದ ‘ತೂಕ ಇಳಿಸುವುದು’ ಎಂಬ ಮಾತು ನಮ್ಮ ಮನೆಮನೆಗಳಲ್ಲೂ ಕೇಳಿಬಂದಿತು. ಆದರೆ ಅದರ ಒಳಮರ್ಮ ಏನು, ಅದು ಕಣದಲ್ಲಿ ಆಟಗಾರನನ್ನು ಯಾವ ರೀತಿ ಕುಗ್ಗಿಸುತ್ತದೆ ಎಂಬುದು ಅನೇಕರಿಗೆ ಅಸ್ಪಷ್ಟವಾಗಿಯೇ ಉಳಿದಿದೆ. ಮಹಾನಗರಗಳಲ್ಲಿ ನೆಲೆಸಿರುವ ನಮ್ಮ ಕುಟುಂಬಗಳ ಮಕ್ಕಳು ಕೂಡ ಇಂದು ಬಾಕ್ಸಿಂಗ್, ಜೂಡೋ, ಕುಸ್ತಿಗಳಲ್ಲಿ ತೊಡಗುತ್ತಿರುವ ಕಾಲದಲ್ಲಿ ಈ ವಿಷಯವನ್ನು ಅರಿತಿರುವುದು ಒಳಿತು.

ತೂಕದ ವಿಭಾಗ ಏಕೆ ಬೇಕು?

ಸಮಬಲರ ನಡುವೆ ಹೋರಾಟ ನಡೆಯಬೇಕು ಎಂಬುದು ಎಲ್ಲ ಮಲ್ಲಕ್ರೀಡೆಗಳ ಮೊದಲ ನಿಯಮ. ಮೈಸೂರು ದಸರಾ ಕುಸ್ತಿಗೆ ಮುನ್ನ ಪೈಲ್ವಾನರನ್ನು ಎದುರುಬದುರು ನಿಲ್ಲಿಸಿ ‘ಜೋಡಿ ಕಟ್ಟುವ’ ಪದ್ಧತಿಯನ್ನು ನಮ್ಮಲ್ಲಿ ಹಲವರು ಬಲ್ಲರು. ಮೈಕಟ್ಟು, ವಯಸ್ಸು, ಪಟ್ಟುಗಳ ಅನುಭವ ಇವನ್ನೆಲ್ಲ ಅನುಭವಿಗಳ ಕಣ್ಣು ಅಳೆದು ಜೋಡಿಯನ್ನು ನಿಶ್ಚಯಿಸುತ್ತಿತ್ತು. ಆಧುನಿಕ ಬಾಕ್ಸಿಂಗ್‌ನಲ್ಲಿ ಆ ಕೆಲಸವನ್ನು ತೂಕದ ಯಂತ್ರಕ್ಕೆ ಒಪ್ಪಿಸಲಾಗಿದೆ. ಭಾರವಾದ ದೇಹದಿಂದ ಬರುವ ಗುದ್ದು ಹೆಚ್ಚು ಬಲವಾದುದು; ಆದ್ದರಿಂದ ಹಗುರ ದೇಹದವರ ರಕ್ಷಣೆಗಾಗಿಯೇ ಈ ವಿಭಾಗಗಳು ಹುಟ್ಟಿಕೊಂಡವು.

ಆದರೆ ಯಂತ್ರಕ್ಕೆ ಅನುಭವಿಯ ಕಣ್ಣಿಲ್ಲ. ಅದು ಆ ಕ್ಷಣದ ಭಾರವನ್ನಷ್ಟೇ ಹೇಳುತ್ತದೆ. ನಿತ್ಯದಲ್ಲಿ 68 ಕಿಲೋ ಇರುವವನು ಪರೀಕ್ಷೆಯ ಹೊತ್ತಿಗೆ 63 ಕಿಲೋ ತೂಗಿ, ಆಮೇಲೆ ಮತ್ತೆ ಮೊದಲಿನ ಮೈ ತುಂಬಿಕೊಂಡರೆ, ಸಹಜವಾಗಿಯೇ 63 ಕಿಲೋ ಇರುವ ಎದುರಾಳಿಗಿಂತ ತಾನು ದೊಡ್ಡವನಾಗಿ ನಿಲ್ಲಬಹುದು ಎಂಬುದು ತೂಕ ಇಳಿಸುವವರ ಲೆಕ್ಕಾಚಾರ. ರಕ್ಷಣೆಗಾಗಿ ಮಾಡಿದ ನಿಯಮವೇ ಹೀಗೆ ಅಪಾಯದ ಮೂಲವಾಯಿತು.

ತೂಕ ಹೇಗೆ ಇಳಿಯುತ್ತದೆ?

ಕೊಬ್ಬನ್ನು ಕರಗಿಸುವುದು ನಿಧಾನದ ಕೆಲಸ. ವಾರಕ್ಕೆ ಅರ್ಧದಿಂದ ಒಂದು ಕಿಲೋ ಇಳಿಸಿಕೊಂಡರೆ ಅದು ಆರೋಗ್ಯಕರ ವೇಗವೆನ್ನುತ್ತಾರೆ. ಎರಡು ದಿನಗಳಲ್ಲಿ ನಾಲ್ಕೈದು ಕಿಲೋ ಇಳಿಯಿತೆಂದರೆ ಕರಗಿದ್ದು ಬಹುಪಾಲು ಕೊಬ್ಬಲ್ಲ, ನೀರು ಎಂದೇ ತಿಳಿಯಬೇಕು.

ಈ ಇಳಿಕೆಗೆ ಹಲವು ಹಂತಗಳಿವೆ. ಮೊದಲು ಅನ್ನ, ರೊಟ್ಟಿಯಂಥ ಪಿಷ್ಟ ಪದಾರ್ಥಗಳನ್ನು ಬಿಡುತ್ತಾರೆ. ನಮ್ಮ ಸ್ನಾಯುಗಳು ಪಿಷ್ಟವನ್ನು ‘ಗ್ಲೈಕೋಜನ್’ ಎಂಬ ರೂಪದಲ್ಲಿ ಕೂಡಿಟ್ಟುಕೊಳ್ಳುತ್ತವೆ. ಅದರ ಪ್ರತಿ ಗ್ರಾಂನೊಡನೆ ಸುಮಾರು ಮೂರು ಗ್ರಾಂ ನೀರೂ ಸೇರಿರುತ್ತದೆ. ಆ ದಾಸ್ತಾನು ಖಾಲಿಯಾದರೆ ನೀರೂ ಹೊರಬೀಳುತ್ತದೆ. ಅನಂತರ ಉಪ್ಪನ್ನು, ನಾರಿನ ಪದಾರ್ಥವನ್ನು ಕಡಿಮೆ ಮಾಡುತ್ತಾರೆ. ಕೊನೆಯ ದಿನ ನೀರನ್ನೇ ನಿಲ್ಲಿಸಿ, ಬೆವರು ಹರಿಸುವ ಪ್ಲಾಸ್ಟಿಕ್ ಉಡುಪು ತೊಟ್ಟು ಓಡುವುದು, ಹಗ್ಗ ಜಿಗಿಯುವುದು, ಬಿಸಿನೀರಿನ ತೊಟ್ಟಿಯಲ್ಲಿ ಇಲ್ಲವೇ ಉಗಿಕೋಣೆಯಲ್ಲಿ ಕುಳಿತಿರುವುದು, ಉಗುಳನ್ನು ಸಹ ಉಗಿದು ಉಗಿದು ಹೊರಹಾಕುವುದು ನಡೆಯುತ್ತದೆ. ಕೆಲವರು ಮೂತ್ರವರ್ಧಕ ಮಾತ್ರೆಗಳಿಗೂ ಕೈಹಾಕುತ್ತಾರೆ. ಇವು ಕ್ರೀಡಾಲೋಕದಲ್ಲಿ ನಿಷಿದ್ಧ ಔಷಧಗಳು. ಕ್ರಿಕೆಟ್ ಪ್ರಿಯರಿಗೆ ನೆನಪಿರಬಹುದು, 2003ರಲ್ಲಿ ಶೇನ್ ವಾರ್ನ್ ವಿಶ್ವಕಪ್ಪಿನಿಂದ ಹೊರಬಿದ್ದು ಒಂದು ವರ್ಷದ ನಿಷೇಧಕ್ಕೆ ಗುರಿಯಾದದ್ದು ಇಂಥದೇ ಮಾತ್ರೆಯಿಂದ.

ದೇಹದೊಳಗೆ ಆಗುವುದೇನು?

ದೇಹದ ತೂಕದ ಶೇಕಡಾ ಎರಡರಷ್ಟು ನೀರು ನಷ್ಟವಾದರೆ, ಅಂದರೆ 60 ಕಿಲೋ ತೂಗುವವನಲ್ಲಿ ಒಂದು ಕಿಲೋ ಇನ್ನೂರು ಗ್ರಾಂ ಇಳಿದರೆ, ದೀರ್ಘಕಾಲ ಶ್ರಮಪಡುವ ಶಕ್ತಿ ಕುಂದಲಾರಂಭಿಸುತ್ತದೆ ಎಂಬುದು ಕ್ರೀಡಾ ವೈದ್ಯರು ಬಹುಕಾಲದಿಂದ ಒಪ್ಪಿರುವ ಸಂಗತಿ. ಬಾಕ್ಸಿಂಗ್ ಪಟುಗಳು ಶೇಕಡಾ ಐದರಷ್ಟನ್ನೂ, ಕೆಲವೊಮ್ಮೆ ಅದಕ್ಕಿಂತ ಹೆಚ್ಚನ್ನೂ ಕಳೆದುಕೊಳ್ಳುತ್ತಾರೆ. ಇದರ ಪರಿಣಾಮಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ಹೃದಯದ ಮೇಲಿನ ಹೊರೆ. ಬೆವರಿನ ಮೂಲಕ ಹೋಗುವ ನೀರಿನ ಒಂದು ಪಾಲು ರಕ್ತದ ದ್ರವಾಂಶದಿಂದಲೇ ಬರುತ್ತದೆ. ರಕ್ತದ ಪ್ರಮಾಣ ತಗ್ಗಿದಾಗ ಪ್ರತಿ ಬಡಿತಕ್ಕೆ ಹೃದಯ ಹೊರದೂಡುವ ರಕ್ತವೂ ತಗ್ಗುತ್ತದೆ. ಆ ಕೊರತೆಯನ್ನು ತುಂಬಲು ಹೃದಯ ಇನ್ನಷ್ಟು ವೇಗವಾಗಿ ಬಡಿಯಬೇಕು. ತೂಕದ ಶೇಕಡಾ ಒಂದರ ನಷ್ಟಕ್ಕೆ ನಿಮಿಷಕ್ಕೆ ಮೂರರಿಂದ ಐದು ಬಡಿತ ಹೆಚ್ಚುತ್ತದೆಂದು ಅಂದಾಜು. ಹೀಗೆ ಮೊದಲ ಸುತ್ತಿನ ಗಂಟೆ ಬಾರಿಸುವಾಗಲೇ ಆಟಗಾರ ಅರ್ಧ ದಣಿದವನಂತಿರುತ್ತಾನೆ.

ಎರಡನೆಯದು ಇಂಧನದ ಅಭಾವ. ಮೂರು ನಿಮಿಷಗಳ ಸುತ್ತಿನಲ್ಲಿ ಮತ್ತೆ ಮತ್ತೆ ಸಿಡಿಲಿನಂತೆ ಎರಗಲು ಬೇಕಾದುದು ಗ್ಲೈಕೋಜನ್. ಅದನ್ನು ತೂಕಕ್ಕಾಗಿ ಖಾಲಿ ಮಾಡಿಕೊಂಡವನು ಒಂದೆರಡು ಬಲವಾದ ಗುದ್ದುಗಳನ್ನು ಕೊಡಬಲ್ಲನೇ ವಿನಾ ಅದೇ ಬಲವನ್ನು ಕೊನೆಯ ಸುತ್ತಿನವರೆಗೆ ಉಳಿಸಿಕೊಳ್ಳಲಾರ. ತರಬೇತಿಯ ಕೋಣೆಯಲ್ಲಿ ಒಂದೇ ಗುದ್ದಿನ ಬಲವನ್ನು ಅಳೆದರೆ ವ್ಯತ್ಯಾಸ ಕಾಣದಿರಬಹುದು. ಈ ಕಾರಣದಿಂದಲೇ ಎಷ್ಟೋ ಆಟಗಾರರು ತಮಗೆ ಏನೂ ಆಗಿಲ್ಲವೆಂದು ನಂಬಿ ಮೋಸಹೋಗುತ್ತಾರೆ. ಸತ್ಯ ಹೊರಬೀಳುವುದು ನಂತರದ ಸುತ್ತುಗಳಲ್ಲಿ: ಕೈಗಳು ಗಲ್ಲದ ರಕ್ಷಣೆಯಿಂದ ಕೆಳಗಿಳಿಯುತ್ತವೆ, ಕಾಲುಗಳು ನೆಲಕ್ಕೆ ಅಂಟಿದಂತಾಗುತ್ತವೆ.

ಮೂರನೆಯದು ಉಷ್ಣ. ಬೆವರು ದೇಹದ ತಂಪು ವ್ಯವಸ್ಥೆ. ನೀರಿಲ್ಲದ ದೇಹ ಸಾಕಷ್ಟು ಬೆವರಲಾರದು. ಒಳಗಿನ ತಾಪ ಏರುತ್ತದೆ, ಆಯಾಸ ಬೇಗ ಆವರಿಸುತ್ತದೆ. ಜೊತೆಗೆ ಸೋಡಿಯಂ, ಪೊಟ್ಯಾಸಿಯಂ ಮೊದಲಾದ ಲವಣಗಳ ಏರುಪೇರು ಸ್ನಾಯುಗಳ ಮೇಲೆಯೂ ಹೃದಯದ ಲಯದ ಮೇಲೆಯೂ ಪರಿಣಾಮ ಬೀರಬಲ್ಲದು.

ನಾಲ್ಕನೆಯದು ಬುದ್ಧಿಯ ಮಂಕು. ಬಾಕ್ಸಿಂಗ್ ಕೇವಲ ತೋಳ್ಬಲದ ಆಟವಲ್ಲ. ಎದುರಾಳಿಯ ಭುಜದ ಅಲುಗಾಟವನ್ನು ಕಂಡು ಕ್ಷಣಾರ್ಧದಲ್ಲಿ ತಲೆಯನ್ನು ಸರಿಸುವ ಆಟ. ಹಸಿವು, ಬಾಯಾರಿಕೆ, ನಿದ್ರೆಗೆಟ್ಟ ರಾತ್ರಿ ಇವು ಸೇರಿದಾಗ ಗಮನ ಚದುರುತ್ತದೆ, ಸಿಡುಕು ಹೆಚ್ಚುತ್ತದೆ, ಪ್ರತಿಕ್ರಿಯೆ ಕೂದಲೆಳೆಯಷ್ಟು ತಡವಾಗುತ್ತದೆ. ಕಣದಲ್ಲಿ ಆ ಕೂದಲೆಳೆಯಷ್ಟು ತಡವೇ ಗುದ್ದು ತಪ್ಪುವುದಕ್ಕೂ ತಗಲುವುದಕ್ಕೂ ಇರುವ ಅಂತರ.

ಮತ್ತೆ ನೀರು ಕುಡಿದರೆ ಸಾಲದೇ?

ತೂಕ ನೋಡಿದ ಮೇಲೆ ಹೊಟ್ಟೆತುಂಬ ನೀರು ಕುಡಿದರೆ ಎಲ್ಲವೂ ಸರಿಹೋಗುವುದಿಲ್ಲವೇ ಎಂಬ ಪ್ರಶ್ನೆ ಸಹಜ. ಬಿರುಬೇಸಗೆಯಲ್ಲಿ ಬಿರಿದ ನೆಲದ ಮೇಲೆ ಒಮ್ಮೆಲೇ ಸುರಿದ ಮಳೆ ಹೇಗೆ ಬಹುಪಾಲು ಹರಿದು ಹೋಗುತ್ತದೆಯೋ, ಹಾಗೆಯೇ ಅವಸರದಲ್ಲಿ ಕುಡಿದ ನೀರಿನ ಒಂದು ಭಾಗ ಮೂತ್ರವಾಗಿ ಹೊರಟುಹೋಗುತ್ತದೆ. ರಕ್ತದ ದ್ರವಾಂಶ ಕೆಲವು ತಾಸುಗಳಲ್ಲಿ ಸುಧಾರಿಸಬಹುದು. ಜೀವಕೋಶಗಳ ಒಳಗಿನ ನೀರು, ಸ್ನಾಯುಗಳ ಗ್ಲೈಕೋಜನ್ ತುಂಬಿಕೊಳ್ಳಲು ಒಂದು ದಿನ ಅಥವಾ ಅದಕ್ಕೂ ಹೆಚ್ಚು ಕಾಲ ಬೇಕು.

ಇಲ್ಲಿ ಹವ್ಯಾಸಿ ಮತ್ತು ವೃತ್ತಿಪರ ಬಾಕ್ಸಿಂಗ್‌ಗಳ ವ್ಯತ್ಯಾಸವನ್ನು ಗಮನಿಸಬೇಕು. ಒಲಿಂಪಿಕ್ಸ್ ಮಾದರಿಯ ಪಂದ್ಯಾವಳಿಗಳಲ್ಲಿ ಸ್ಪರ್ಧೆಯ ದಿನ ಬೆಳಿಗ್ಗೆಯೇ ತೂಕ ನೋಡುತ್ತಾರೆ; ಗೆಲ್ಲುತ್ತಾ ಹೋದರೆ ಪ್ರತಿ ಪಂದ್ಯದ ದಿನವೂ ಮತ್ತೆ ತೂಗಬೇಕು. ಚೇತರಿಕೆಗೆ ಸಿಗುವುದು ಕೆಲವೇ ತಾಸುಗಳು. ವೃತ್ತಿಪರ ಬಾಕ್ಸಿಂಗ್‌ನಲ್ಲಿ ಸಾಮಾನ್ಯವಾಗಿ ಹಿಂದಿನ ದಿನ ತೂಕ ನೋಡುತ್ತಾರೆ. ಆಟಗಾರ ಸುಧಾರಿಸಿಕೊಳ್ಳಲಿ ಎಂಬ ಸದುದ್ದೇಶ ಇದರ ಹಿಂದೆ ಇದ್ದರೂ ಅದೇ ಅವಕಾಶವನ್ನು ಬಳಸಿಕೊಂಡು ಇನ್ನೂ ಹೆಚ್ಚು ತೂಕ ಇಳಿಸುವ ಚಾಳಿ ಬೆಳೆಯಿತು.

ಕಣ ಹೇಳುವ ಪಾಠಗಳು

ಫಿಲಿಪ್ಪೀನ್ಸ್‌ನ ಮ್ಯಾನಿ ಪಾಕಿಯಾವೊ ಅವರ ಉದಾಹರಣೆ ಇಲ್ಲಿ ಬಹಳ ಬೋಧಪ್ರದ. 1998ರಲ್ಲಿ ಅವರು 112 ಪೌಂಡ್, ಅಂದರೆ ಸುಮಾರು 50.8 ಕಿಲೋ ವಿಭಾಗದ ವಿಶ್ವ ಚಾಂಪಿಯನ್ ಆದರು. ಬೆಳೆಯುವ ವಯಸ್ಸಿನ ಆ ಯುವಕನ ದೇಹ ಆ ಮಿತಿಯನ್ನು ಮೀರಿ ಬೆಳೆಯುತ್ತಿತ್ತು. 1999ರ ಸೆಪ್ಟೆಂಬರ್‌ನಲ್ಲಿ ಥಾಯ್ಲೆಂಡ್‌ನಲ್ಲಿ ಅವರಿಗೆ ತೂಕ ಮುಟ್ಟಲಾಗಲಿಲ್ಲ. ಪಟ್ಟವನ್ನು ತೂಕದ ಯಂತ್ರದ ಮೇಲೆಯೇ ಕಳೆದುಕೊಂಡರು. ಮರುದಿನದ ಕಣದಲ್ಲಿ ಮೆಡ್‌ಗೋನ್ ಸಿಂಗ್ಸುರಾತ್ ಅವರಿಂದ ಮೂರನೆಯ ಸುತ್ತಿನಲ್ಲಿ ನೆಲಕಚ್ಚಿದರು. ಅಲ್ಲಿಗೆ ಅವರ ಕಥೆ ಮುಗಿಯಲಿಲ್ಲ. ಹತ್ತು ಪೌಂಡ್ ಮೇಲಿನ ವಿಭಾಗಕ್ಕೆ ಏರಿದ ಅವರು 2001ರಲ್ಲಿ ಅಲ್ಲಿಯೂ ವಿಶ್ವ ಪಟ್ಟ ಗೆದ್ದರು. 2010ರ ಹೊತ್ತಿಗೆ ಎಂಟು ವಿಭಾಗಗಳಲ್ಲಿ ವಿಶ್ವ ಪಟ್ಟ ಗಳಿಸಿದ ಏಕೈಕ ಬಾಕ್ಸಿಂಗ್ ಪಟುವಾದರು. ದೇಹವನ್ನು ಹಿಂಡುವುದನ್ನು ಬಿಟ್ಟಾಗಲೇ ಅವರ ಪ್ರತಿಭೆ ಅರಳಿತು ಎಂದರೆ ತಪ್ಪಾಗಲಾರದು.

ಅಮೆರಿಕದ ರಾಯ್ ಜೋನ್ಸ್ ಜೂನಿಯರ್ ಅವರದು ಇದಕ್ಕೆ ವಿರುದ್ಧ ದಿಕ್ಕಿನ ಪಯಣ. 2003ರ ಮಾರ್ಚ್‌ನಲ್ಲಿ 193 ಪೌಂಡ್ ತೂಗಿ, ತಮಗಿಂತ ಬಹಳ ಭಾರದ ಜಾನ್ ರೂಯಿಜ್ ಅವರನ್ನು ಸೋಲಿಸಿ ಹೆವಿವೇಟ್ ಪಟ್ಟ ಗೆದ್ದರು. ಎಂಟೇ ತಿಂಗಳಲ್ಲಿ ಹದಿನೆಂಟು ಪೌಂಡ್, ಅಂದರೆ ಸುಮಾರು ಎಂಟು ಕಿಲೋ ಕಳೆದು 175 ಪೌಂಡ್ ವಿಭಾಗಕ್ಕೆ ಮರಳಿ ಆಂಟೋನಿಯೊ ಟಾರ್ವರ್ ಎದುರು ಪ್ರಯಾಸದಿಂದ ಗೆದ್ದರು. 2004ರ ಮೇ ತಿಂಗಳ ಮರುಪಂದ್ಯದಲ್ಲಿ ಎರಡನೆಯ ಸುತ್ತಿನಲ್ಲೇ ಉರುಳಿದರು. ವಯಸ್ಸೂ ಅವರಿಗೆ ಮೂವತ್ತೈದು ದಾಟಿತ್ತು, ನಿಜ. ಆದರೂ ಕಷ್ಟಪಟ್ಟು ಬೆಳೆಸಿದ ಸ್ನಾಯುವನ್ನು ಅವಸರದಲ್ಲಿ ಕರಗಿಸಿದ್ದು ಆ ಪತನದಲ್ಲಿ ಪಾಲು ಪಡೆದಿತ್ತೆಂದು ಬಾಕ್ಸಿಂಗ್ ಬಲ್ಲವರು ಹಲವರು ಅಭಿಪ್ರಾಯಪಡುತ್ತಾರೆ.

ಹಾಗಾದರೆ ಲಾಭವೇ ಇಲ್ಲವೇ?

ಲಾಭವೇ ಇಲ್ಲದಿದ್ದರೆ ಯಾರೂ ಈ ಹಿಂಸೆಯನ್ನು ಅನುಭವಿಸುತ್ತಿರಲಿಲ್ಲ ಎನ್ನುವವರಿದ್ದಾರೆ. ಅವರ ವಾದಕ್ಕೂ ಆಧಾರವಿದೆ. 2018ರಲ್ಲಿ ಪೋಲೆಂಡ್‌ನ ಪಂದ್ಯಾವಳಿಗೆ ಹೋದ ಮೇರಿ ಕೋಮ್ ಅವರು ಸುಮಾರು ನಾಲ್ಕು ತಾಸುಗಳಲ್ಲಿ ಎರಡು ಕಿಲೋ ಇಳಿಸಿ 48 ಕಿಲೋ ವಿಭಾಗದ ಚಿನ್ನ ಗೆದ್ದರು. 2000ದ ಫೆಬ್ರವರಿಯಲ್ಲಿ ನ್ಯೂಯಾರ್ಕ್‌ನಲ್ಲಿ ಅರ್ಟುರೊ ಗಾಟಿ 141 ಪೌಂಡ್ ಮಿತಿಯ ಪಂದ್ಯಕ್ಕೆ ತೂಗಿ, ಮರುದಿನ ಕಣಕ್ಕಿಳಿಯುವಾಗ 160 ಪೌಂಡ್ ಆಗಿದ್ದರು. ಎದುರಾಳಿ ಜೋಯಿ ಗಮಾಶ್ ಅವರದು 145. ಗಮಾಶ್ ಎರಡನೆಯ ಸುತ್ತಿನಲ್ಲಿ ಪ್ರಜ್ಞೆತಪ್ಪಿ ಬಿದ್ದರು, ಮೆದುಳಿಗೆ ಪೆಟ್ಟಾಯಿತು, ಮತ್ತೆಂದೂ ಸ್ಪರ್ಧಿಸಲಿಲ್ಲ. ತೂಕ ಪರೀಕ್ಷೆಯನ್ನು ಸರಿಯಾಗಿ ನಡೆಸಲಿಲ್ಲವೆಂದು ಅವರು ಹೂಡಿದ ದಾವೆ ವರ್ಷಗಟ್ಟಲೆ ನಡೆಯಿತು. ಗೆದ್ದವನಿಗೆ ಲಾಭವಾಯಿತು ಎನ್ನಬಹುದು; ಆದರೆ ಆ ಲಾಭಕ್ಕೆ ಬೆಲೆ ತೆತ್ತವನು ನಿಯಮ ಪಾಲಿಸಿದ ಇನ್ನೊಬ್ಬ.

ಒಂದು ದಿನಕ್ಕಿಂತ ಹೆಚ್ಚಿನ ವಿರಾಮವಿರುವ ವೃತ್ತಿಪರ ಪಂದ್ಯದ ಮಾತು ಇದು. ಅದೇ ದಿನ ಕಣಕ್ಕಿಳಿಯಬೇಕಾದ ಹವ್ಯಾಸಿಗಳ ಸ್ಥಿತಿ ಬೇರೆ. ಆಸ್ಟ್ರೇಲಿಯಾದ ಸಂಶೋಧಕರು ಹಲವು ದಿನಗಳ ಒಂದು ನೈಜ ಬಾಕ್ಸಿಂಗ್ ಪಂದ್ಯಾವಳಿಯಲ್ಲಿ, ತೂಕ ನೋಡಿದ ನಂತರ ಯಾರು ಎಷ್ಟು ತೂಕ ಮರಳಿ ಗಳಿಸಿದರೆಂದು ಅಳೆದಾಗ, ಹೆಚ್ಚು ಗಳಿಸಿದವರೇ ಹೆಚ್ಚು ಗೆದ್ದರು ಎಂಬ ಸಂಬಂಧ ಕಂಡುಬರಲಿಲ್ಲ. 

ಇದರ ಹಿಂದಿನ ತರ್ಕ ಸರಳ. ನಾಟಕದ ಸಭಾಂಗಣದಲ್ಲಿ ಮುಂದಿನ ಸಾಲಿನವನೊಬ್ಬ ಚೆನ್ನಾಗಿ ಕಾಣಲೆಂದು ಎದ್ದು ನಿಂತನೆನ್ನಿ. ಹಿಂದಿನವರೂ ಎದ್ದು ನಿಲ್ಲಬೇಕಾಗುತ್ತದೆ. ಕೊನೆಗೆ ಎಲ್ಲರೂ ನಿಂತಿರುತ್ತಾರೆ; ಯಾರಿಗೂ ಮೊದಲಿಗಿಂತ ಚೆನ್ನಾಗಿ ಕಾಣುವುದಿಲ್ಲ, ಕಾಲುನೋವು ಮಾತ್ರ ಎಲ್ಲರ ಪಾಲಿಗೂ. ಎಲ್ಲರೂ ಐದು ಕಿಲೋ ಇಳಿಸಿ ಬಂದರೆ ಯಾರೂ ಯಾರಿಗಿಂತಲೂ ದೊಡ್ಡವರಾಗಿರುವುದಿಲ್ಲ. ಎಲ್ಲರೂ ಬಳಲಿರುತ್ತಾರೆ, ಅಷ್ಟೇ.

ಸೋಲಿಗಿಂತ ದೊಡ್ಡ ಅಪಾಯ

ಪದಕ ಕೈತಪ್ಪಿದರೆ ಇನ್ನೊಂದು ವರ್ಷ ಬರುತ್ತದೆ. ಆದರೆ ಮೆದುಳಿಗಾಗುವ ಪೆಟ್ಟಿಗೆ ಎರಡನೆಯ ಅವಕಾಶವಿಲ್ಲ. ನಮ್ಮ ಮೆದುಳು ತಲೆಬುರುಡೆಯೊಳಗೆ ದ್ರವದಲ್ಲಿ ತೇಲುತ್ತಿರುತ್ತದೆ. ಅದರ ಮೇಲ್ಮೈಯಿಂದ ಹೊರಪದರದವರೆಗೆ ಸೂಕ್ಷ್ಮ ರಕ್ತನಾಳಗಳು ಸೇತುವೆಗಳಂತೆ ಹಾದುಹೋಗಿವೆ. ಎಳೆಯ ತೆಂಗಿನಕಾಯಿಯಲ್ಲಿ ತಿರುಳು ಚಿಪ್ಪಿಗೆ ಅಂಟಿಕೊಂಡಿರುತ್ತದೆ. ನೀರು ಬತ್ತಿ ಉಂಡೆಕೊಬ್ಬರಿಯಾದಾಗ ಒಳಗೇ ಅಲುಗಾಡಿ ಸದ್ದು ಮಾಡುತ್ತದೆ. ನೀರಿನಂಶ ತೀರ ಕಡಿಮೆಯಾದ ದೇಹದಲ್ಲಿ ಮೆದುಳು ಸ್ವಲ್ಪ ಕುಗ್ಗಿ, ಗುದ್ದು ಬಿದ್ದಾಗ ಆ ನಾಳಗಳ ಮೇಲೆ ಹೆಚ್ಚು ಎಳೆತ ಬೀಳಬಹುದೆಂಬುದು ಅನೇಕ ವೈದ್ಯರ ಶಂಕೆ. ಇದು ಇನ್ನೂ ಪೂರ್ಣವಾಗಿ ಸಿದ್ಧಪಟ್ಟಿಲ್ಲ. ಆದರೆ ಆ ನಾಳಗಳು ಹರಿದು ತಲೆಬುರುಡೆಯೊಳಗೆ ಆಗುವ ರಕ್ತಸ್ರಾವವೇ ಬಾಕ್ಸಿಂಗ್ ಕಣದ ಸಾವುಗಳ ಮುಖ್ಯ ಕಾರಣ ಎಂಬುದು ಸಿದ್ಧಪಟ್ಟ ಸತ್ಯ. ಮೇಲಾಗಿ, ಮಂಕಾದ ಆಟಗಾರ ತಪ್ಪಿಸಿಕೊಳ್ಳಬಹುದಾಗಿದ್ದ ಗುದ್ದುಗಳನ್ನೂ ತಲೆಯ ಮೇಲೆ ತೆಗೆದುಕೊಳ್ಳುತ್ತಾನೆ.

ಕಣಕ್ಕಿಳಿಯುವ ಮೊದಲೇ ಪ್ರಾಣ ಹೋದ ದೃಷ್ಟಾಂತಗಳೂ ಇವೆ. 1997ರ ನವೆಂಬರ್-ಡಿಸೆಂಬರ್‌ನಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ತೂಕ ಇಳಿಸುವ ಭರದಲ್ಲಿ ಅಸುನೀಗಿದರು. 2015ರ ಡಿಸೆಂಬರ್‌ನಲ್ಲಿ ಚೀನಾದ ಮಿಶ್ರ ಸಮರಕಲೆಯ ಪಟು ಯಾಂಗ್ ಜಿಯಾನ್ ಬಿಂಗ್ ಮನಿಲಾದಲ್ಲಿ ಇದೇ ರೀತಿ ತೀರಿಕೊಂಡರು.

ನಿಯಮಗಳು ಎಚ್ಚೆತ್ತುಕೊಂಡದ್ದು

1997ರ ದುರಂತಗಳ ನಂತರ ಅಮೆರಿಕದ ಕಾಲೇಜು ಕುಸ್ತಿಯಲ್ಲಿ ಉಗಿಕೋಣೆ, ಬೆವರಿನ ಉಡುಪು, ಮೂತ್ರವರ್ಧಕಗಳನ್ನು ನಿಷೇಧಿಸಿ, ತೂಕ ಪರೀಕ್ಷೆಯನ್ನು ಪಂದ್ಯದ ಸಮೀಪಕ್ಕೆ ತಂದರು. ವಿಶ್ವ ಬಾಕ್ಸಿಂಗ್ ಮಂಡಳಿಯು ಪಟ್ಟದ ಪಂದ್ಯಗಳಿಗೆ 30 ದಿನ ಮೊದಲು ಮಿತಿಗಿಂತ ಶೇಕಡಾ 10ರೊಳಗೆ, ಏಳು ದಿನ ಮೊದಲು ಶೇಕಡಾ 5ರೊಳಗೆ ಇರಬೇಕೆಂಬ ಕ್ರಮವನ್ನು ತಂದಿದೆ. ಅಂತಾರಾಷ್ಟ್ರೀಯ ಬಾಕ್ಸಿಂಗ್ ಫೆಡರೇಷನ್ನಿನ ಪಟ್ಟದ ಪಂದ್ಯಗಳಲ್ಲಿ ಪಂದ್ಯದ ದಿನ ಬೆಳಿಗ್ಗೆ ಮತ್ತೆ ತೂಗಿ, ಮಿತಿಗಿಂತ ಹತ್ತು ಪೌಂಡ್‌ಗಿಂತ ಹೆಚ್ಚಿರಬಾರದೆಂದು ನೋಡುವ ಕ್ರಮ ಜಾರಿಗೆ ಬಂದಿತ್ತು. ಆಸ್ಪತ್ರೆಯ ಚಿಕಿತ್ಸೆಯ ಹೊರತು 12 ತಾಸುಗಳಲ್ಲಿ 100 ಮಿಲಿಲೀಟರ್‌ಗಿಂತ ಹೆಚ್ಚು ದ್ರವವನ್ನು ರಕ್ತನಾಳದ ಮೂಲಕ ಪಡೆಯುವುದನ್ನು ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ ನಿಷೇಧಿಸಿದೆ. ‘ಆಮೇಲೆ ಸಲೈನ್ ಹಾಕಿಸಿಕೊಂಡರಾಯಿತು’ ಎಂಬ ಉಪಾಯಕ್ಕೆ ಹೀಗೆ ದಾರಿ ಮುಚ್ಚಿದೆ.

ಹೆತ್ತವರು ತಿಳಿದಿರಬೇಕಾದುದು

ನಿಯಮಗಳು ವಿಶ್ವಮಟ್ಟದ ಆಟಗಾರರನ್ನು ಕಾಯಬಹುದು. ಶಾಲಾ ಮಟ್ಟದ, ಜಿಲ್ಲಾ ಮಟ್ಟದ ಮಗುವನ್ನು ಕಾಯಬೇಕಾದವರು ಮನೆಯವರು ಮತ್ತು ತರಬೇತುದಾರರು. ಹದಿಮೂರರಿಂದ ಹದಿನೆಂಟರ ವಯಸ್ಸು ಎಲುಬು, ಸ್ನಾಯು, ಮೆದುಳು ಬೆಳೆಯುವ ಕಾಲ. ಈ ವಯಸ್ಸಿನಲ್ಲಿ ಪದೇ ಪದೇ ಉಪವಾಸ ಬಿದ್ದರೆ ಬೆಳವಣಿಗೆಗೇ ಪೆಟ್ಟು. ಹೆಣ್ಣುಮಕ್ಕಳಲ್ಲಿ ಮುಟ್ಟು ಏರುಪೇರಾಗುವುದು, ಎಲುಬು ದುರ್ಬಲವಾಗುವುದು, ಊಟದ ಬಗೆಗೇ ಭಯ ಹುಟ್ಟುವುದು ಇವೆಲ್ಲ ಇದರ ಲಕ್ಷಣಗಳು. ಅವುಗಳನ್ನು ಸಂಕೋಚದಿಂದ ಮುಚ್ಚಿಡದೆ ವೈದ್ಯರಿಗೆ ತಿಳಿಸಬೇಕು.

ಮಗುವಿನ ನಿತ್ಯದ ತೂಕವೆಷ್ಟು, ಯಾವ ವಿಭಾಗದಲ್ಲಿ ಹೆಸರು ಕೊಡಲಾಗಿದೆ ಎಂಬುದನ್ನು ತರಬೇತುದಾರರಲ್ಲಿ ಕೇಳಿ ತಿಳಿಯುವುದು ಹೆತ್ತವರ ಹಕ್ಕು. ಪಂದ್ಯಕ್ಕೆ ಮೊದಲು ಮಗು ನೀರು ಬಿಟ್ಟಿದೆಯೇ, ಮೂತ್ರದ ಬಣ್ಣ ಗಾಢವಾಗಿದೆಯೇ, ತಲೆಸುತ್ತು, ಸಿಡುಕು ಇದೆಯೇ ಎಂದು ಗಮನಿಸಬೇಕು. ತೂಕ ಇಳಿಯಲೇಬೇಕಾದರೆ ಅದು ವಾರಗಳ ಮೊದಲೇ, ಆಹಾರತಜ್ಞರ ಸಲಹೆಯಂತೆ, ನಿಧಾನವಾಗಿ ಆಗಬೇಕು. ಯಾವ ಕಾರಣಕ್ಕೂ ಭೇದಿಮಾತ್ರೆ, ಮೂತ್ರವರ್ಧಕಗಳು ಮನೆಯೊಳಗೆ ಬರಕೂಡದು.

ಮೇಲಿನ ವಿಭಾಗಕ್ಕೆ ಏರುವುದೆಂದರೆ ಸೋಲೊಪ್ಪಿಕೊಂಡಂತಲ್ಲ. 48 ಕಿಲೋ ವಿಭಾಗ ಒಲಿಂಪಿಕ್ಸ್‌ನಲ್ಲಿ ಇಲ್ಲದ ಕಾರಣ 51 ಕಿಲೋಗೆ ಏರಿದ ಮೇರಿ ಕೋಮ್ 2012ರಲ್ಲಿ ಲಂಡನ್‌ನಲ್ಲಿ ಕಂಚು ತಂದರು. ಟೋಕಿಯೊದಲ್ಲಿ 69 ಕಿಲೋ ವಿಭಾಗದಲ್ಲಿ ಪದಕ ಗೆದ್ದ ಅಸ್ಸಾಮಿನ ಲವ್ಲಿನಾ ಬೊರ್ಗೊಹೈನ್, ಆ ವಿಭಾಗ ಪ್ಯಾರಿಸ್‌ನಲ್ಲಿ ಇರುವುದಿಲ್ಲವೆಂದಾದಾಗ 75 ಕಿಲೋಗೆ ಏರಿ 2023ರಲ್ಲಿ ದೆಹಲಿಯಲ್ಲಿ ವಿಶ್ವ ಚಾಂಪಿಯನ್ ಆದರು. ಇಬ್ಬರೂ ಏರಿದ್ದು ಅನಿವಾರ್ಯದಿಂದ. ಆದರೂ ಹೊಸ ತೂಕಕ್ಕೆ ತಕ್ಕಂತೆ ದೇಹವನ್ನು ಬೆಳೆಸಿ, ಗೆದ್ದು ತೋರಿಸಿದರು.

ತಕ್ಕಡಿ ಕೇಳುವುದು ಒಂದು ಅಂಕಿಯನ್ನು ಮಾತ್ರ. ಕಣ ಕೇಳುವುದು ದಮ್ಮನ್ನು, ಚುರುಕನ್ನು, ನಿಶ್ಚಲವಾದ ಬುದ್ಧಿಯನ್ನು. ಮೊದಲನೆಯದಕ್ಕಾಗಿ ಎರಡನೆಯದನ್ನು ಒತ್ತೆಯಿಡಬೇಡಿರೆಂದು ನಮ್ಮ ಎಳೆಯ ಕ್ರೀಡಾಪಟುಗಳಿಗೆ ಹೇಳುವ ಧೈರ್ಯವನ್ನು ಹಿರಿಯರಾದ ನಾವು ತೋರಬೇಕು.